ಎರಡು ತಾಸಿನ ಕಡ

ಕರೆಂಟಿನ ಕಂಬ ಹೊಳೆಯಾಚೆಗೇ ನಿಂತಿತು.
ತಂತಿ ದಾಟಿಸಲು ಆಗಲಿಲ್ಲವೋ, ಮನಸಾಗಲಿಲ್ಲವೋ,
ನಮ್ಮ ಕುರ್ವೆಯ ಹನ್ನೊಂದು ಮನೆಗಳಿಗೆ
ಅಘನಾಶಿನಿಯೇ ಬೇಲಿ.
ಕಡೆಗೆ ದೋಣಿಯಲ್ಲಿ, ಅಕ್ಕಿ ಮೂಟೆಯ ಪಕ್ಕ,
ಗೋಣಿ ಸುತ್ತಿಕೊಂಡು ಬಂದವು
ಎರಡು ಕರಿ ಹಲಗೆ, ಒಂದು ಬ್ಯಾಟರಿ.
ಜಟ್ಟು ಅಂಬಿಗ ಹುಟ್ಟು ಹಾಕುತ್ತ ಕೇಳಿದ,
"ಎಂತದೇ, ಕುರ್ವೆಗೆ ಶಾಲೆ ಬಂತಾ?"
ಹೌದು, ಮಾಸ್ತರು ಮೇಲಿದ್ದಾರೆ ಅಂದೆ.

ನಾನು ಸಾಣಿಕಟ್ಟೆಯ ಮಗಳು.
ಅಪ್ಪ ಆಗರದ ನೀರಲ್ಲಿ ನಿಂತು
ಮರದ ಹಲಗೆಯಿಂದ ಬಿಸಿಲನ್ನು ಬಾಚಿ ಬಾಚಿ
ಬಿಳಿ ಗುಡ್ಡೆ ಹಾಕುತ್ತಿದ್ದ.
ಆಷಾಢದ ಗಂಜಿಗೆ ಒಂದು ಚಿಟಿಕೆ ಬಿದ್ದರೆ
ನಾಲಿಗೆಯ ಮೇಲೆ ಮೇ ತಿಂಗಳು.
ಅಮ್ಮ ತಾರ್ಲೆಯಲ್ಲಿ ಕೂಡಿಟ್ಟಳು,
ಮುರುಗಲ ಸಿಪ್ಪೆಯಲ್ಲಿ, ಹಲಸಿನ ಹಪ್ಪಳದಲ್ಲಿ.
ಬಿಸಿಲು ಹಿಡಿದಿಡುವುದು ನಮಗೇನು ಹೊಸತಲ್ಲ.
ಡಬ್ಬ ಹೊಸತು, ಅಷ್ಟೆ.

ಆದರೆ ಈ ಡಬ್ಬಕ್ಕೂ ಉಪ್ಪಿಗೂ ಆಗಿಬರುವುದಿಲ್ಲ.
ಪಡುಗಾಳಿ ಬೀಸಿದ ಮರುದಿನ
ತಂತಿ ಕಚ್ಚುವ ಜಾಗದಲ್ಲಿ ಹಸಿರು ಕೀವು.
ಹಲ್ಲುಜ್ಜಿ ಸವೆದ ಬ್ರಶ್ಶು, ಬಿಸಿನೀರು, ಸೋಡಾಪುಡಿ,
ಮೇಲೆ ಬೆರಳ ತುದಿಯಷ್ಟು ವ್ಯಾಸಲೀನು.
ಮಗುವಿನ ಕಿವಿ ತೊಳೆದ ಹಾಗೆ ತೊಳೆಯುತ್ತೇನೆ.
ಮಾಡಿನ ಮೇಲೆ ಗರುಡ ಕೂತು
ಏಡಿ ತಿಂದು, ಹಿಕ್ಕೆ ಹಾಕಿ ಹೋಗಿರುತ್ತದೆ;
ಅಂಗೈಯಗಲ ಕೊಳೆಗೆ
ಸಂಜೆಯಲ್ಲಿ ಅರ್ಧ ತಾಸು ಖೋತಾ.
ಅಪ್ಪನ ಉಪ್ಪೇ, ನಿನ್ನನ್ನೂ ಒರೆಸುತ್ತಿದ್ದೇನೆ,
ಮುನಿಯಬೇಡ.

ಮೀಟರಿಗೆ ಮೂರು ಕಣ್ಣು.
ಹಳದಿಯೆಂದರೆ ಫ್ಯಾನಿಲ್ಲ.
ಕೆಂಪೆಂದರೆ ಒಂದೇ ದೀಪ, ಅದೂ ಅಡುಗೆಮನೆಯಲ್ಲಿ.
ಮಗ ಒಲೆಯ ಪಕ್ಕ ಕೂತು ಭಾಗಾಕಾರ ಮಾಡುತ್ತಾನೆ,
ಶೇಷ ಉಳಿದರೆ ಸಿಟ್ಟಾಗುತ್ತಾನೆ.
ನನಗೆ ಶೇಷವೇ ಬೇಕು.

ಆ ವರ್ಷ ಮಾಸ್ತರು ಒಂಬತ್ತು ದಿನ ರಜೆ ಹಾಕಿದರು.
ಒಂಬತ್ತನೆಯ ಸಂಜೆ ತುಳಸು ಬಂದಳು,
ಕೊಪ್ಪೆ ಬಾಗಿಲಿಗೆ ಒರಗಿಸಿ, ಸೆರಗು ಹಿಂಡಿ,
ಬಂದದ್ದಕ್ಕೆ ಕಾರಣ ಹೇಳದೆ ತುಸು ಹೊತ್ತು
ಮಳೆಯ ಸುದ್ದಿ, ಕೋಳಿಯ ಸುದ್ದಿ.
ಆಮೇಲೆ,
"ಬಲೆ ಹರ್ದು ಹೋಯ್ತೇ. ಬೆಳಗಿನ ಇಳಿತಕ್ಕೆ ಹಾಕ್ಬೇಕು.
ಎರಡು ತಾಸು ಬೆಳಕು ಕಡ ಕೊಡು."

ಅಕ್ಕಿ ಕಡ ಕೊಟ್ಟಿದ್ದೇನೆ. ಒಲೆಯ ಕೆಂಡ ಕೊಟ್ಟಿದ್ದೇನೆ.
ಬೆಳಕನ್ನು ಯಾವ ಸಿದ್ದೆಯಲ್ಲಿ ಅಳೆಯುವುದು?
ಮೀಟರು ಕೆಂಪು. ಉಳಿದಿದ್ದರೆ
ಚಾರ್ಜಿನ ಲಾಟೀನಿನ ಹೊಟ್ಟೆಯಲ್ಲಿ ಉಳಿದಷ್ಟೇ.
ಮಗ ನನ್ನನ್ನೇ ನೋಡುತ್ತಿದ್ದ.
ತುಳಸು ನೆಲ ನೋಡುತ್ತಿದ್ದಳು.

ಕೊಟ್ಟೆ.

ಬೇಗ ಉಂಡು ಬೇಗ ಮಲಗಿದೆವು; ನಿದ್ದೆ ಬರಲಿಲ್ಲ.
ಕಿಟಕಿಗೆ ಹೋಗಿ ನಿಂತೆ.
ಕೆಸರಿನಾಚೆ ಅವಳ ಜಗಲಿ,
ಗೋಡೆಯ ಮೇಲೆ ಅವಳಿಗಿಂತ ದೊಡ್ಡ ಅವಳು,
ಒಂದು ಕೈ ಹೋಗುವುದು, ಒಂದು ಕೈ ಬರುವುದು,
ಗಂಟು, ಮತ್ತೆ ಗಂಟು.
ನಮ್ಮ ಬೆಳಕನ್ನು ಹೊರಗಿನಿಂದ ನೋಡಿದ್ದು
ನಾನು ಅದೇ ಮೊದಲು.
ಇಷ್ಟು ಹಳದಿಯೇ ಅದು?

ಎರಡಲ್ಲ, ಎರಡೂವರೆ ತಾಸು ಉರಿಯಿತು.
ಎಣಿಸಿದೆ.
ಎಣಿಸಿದ್ದಕ್ಕೆ ನಾಚಿಕೊಂಡೆ,
ಆದರೂ ಎಣಿಸಿದೆ.

ನಾಲ್ಕನೆಯ ದಿನ ಲಾಟೀನು ವಾಪಸು ಬಂತು,
ಗಾಜು ಬೂದಿಯಲ್ಲಿ ತಿಕ್ಕಿ ಫಳಫಳ.
ಜೊತೆಗೆ ಬಾಳೆಲೆಯಲ್ಲಿ ಹನ್ನೆರಡು ಒಣ ಬಂಗುಡೆ,
ಮೇ ತಿಂಗಳ ಮರಳಲ್ಲಿ ಅವಳೇ ಹರವಿ,
ಕಾಗೆ ಕಾದು ಒಣಗಿಸಿದ್ದು.
ಬಿಸಿಲಿಗೆ ಬಿಸಿಲು, ಕಡ ತೀರಿತು ಎಂದುಕೊಂಡೆ.

ಆದರೆ ಬೇರೆ ಎಲೆಯಲ್ಲಿ, ಬೇರೆಯೇ ಕಟ್ಟಿ, ಇನ್ನೊಂದು.
"ಇದೆಂತಕ್ಕೆ?"
ತುಳಸು ಹೊಳೆಯ ಕಡೆ ತಿರುಗಿದಳು.
"ಆ ಅರ್ಧ ತಾಸಿಂದು."

ಅದನ್ನೇ ಮೊದಲು ಸುಟ್ಟೆವು.